ಎಂಬತ್ತೆಂಟರಲ್ಲಿ ನಿಂತ ಚಕ್ರ

ನನ್ನ ಕೆಲಸ ಏನು ಅಂತ ಕೇಳಿದವರಿಗೆ ಒಂದೇ ಉಸಿರಿನಲ್ಲಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಕೆಲಸ ಬಲ್ಲವರ ಎದುರು ಕೂತು, ಅವರ ತಲೆಯಲ್ಲಿರುವುದನ್ನು ಬಾಯಿಗೆ ಬರಿಸಿ, ಬಾಯಿಗೆ ಬಂದದ್ದನ್ನು ಕಂಪ್ಯೂಟರಿಗೆ ಹಾಕುವುದು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಮ್ಮೆ ಕೇಳಿದಾಗ ಹೀಗೇ ಹೇಳಿದೆ. "ಅಂದ್ರೆ ಪೊಲೀಸ್ ಥರಾನಾ ಮೇಡಂ?" ಅಂದ. ಹೌದಪ್ಪ, ಹೊಡೆಯೋದೊಂದು ಇಲ್ಲ ಅಂದೆ. ಇಬ್ಬರೂ ನಕ್ಕೆವು. ಆ ವಾರ ಇನ್ನೊಬ್ಬ ಮನುಷ್ಯನ ಮುಖ ನೋಡಿಕೊಂಡು ನಾನು ಆಡಿದ ಮಾತು ಅದೊಂದೇ.

ಸಿಂಗಸಂದ್ರದಲ್ಲಿ, ಆರನೇ ಮಹಡಿಯಲ್ಲಿ ಒಬ್ಬಳೇ ಇದ್ದೇನೆ. ಗಂಡನಿಂದ ಬೇರೆಯಾಗಿ ಒಂಬತ್ತು ವರ್ಷವಾಯಿತು. ಜಗಳವಾಡಿ ಬೇರೆಯಾದವರಲ್ಲ ನಾವು. ಜಗಳವಾಡುವಷ್ಟು ಮಾತೂ ಉಳಿದಿರಲಿಲ್ಲ. ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮೆಟ್ರೋದಲ್ಲಿ ಹತ್ತು ನಿಮಿಷದ ದಾರಿ. ಆದರೆ ವಾರದ ಬಹುಪಾಲು ದಿನ ಮನೆಯಿಂದಲೇ ಕೆಲಸ. ಮೀಟಿಂಗಿನಲ್ಲಿ ಎಲ್ಲರ ಕ್ಯಾಮೆರಾ ಬಂದ್. ಪರದೆಯ ಮೇಲೆ ಎಂಟು ಕಪ್ಪು ಚೌಕ, ಚೌಕಕ್ಕೊಂದು ಅಕ್ಷರ. ಕೊನೆಗೆ ಎಲ್ಲರೂ "ಬೈ" ಅಂದ ಮೇಲೆ ಮನೆ ಎಷ್ಟು ಸುಮ್ಮನಾಗುತ್ತಿತ್ತೆಂದರೆ, ಫ್ರಿಜ್ಜು ಗುಂಯ್ ಅಂತ ಶುರುವಾದರೆ ಬೆಚ್ಚಿಬೀಳುತ್ತಿದ್ದೆ. ಇದಕ್ಕೆ ಒಂಟಿತನ ಅಂತ ನಾನು ಹೆಸರಿಟ್ಟಿರಲಿಲ್ಲ. ಪ್ರೈವಸಿ ಅನ್ನುತ್ತಿದ್ದೆ.

ನಮ್ಮ ಕಂಪನಿ ಮಾಡುವುದು ಒಂದು ಟೂಲು. ಇಪ್ಪತ್ತು ಮೂವತ್ತು ವರ್ಷ ಒಂದೇ ಕೆಲಸ ಮಾಡಿ ಪಳಗಿದವರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡರೆ, ಅದು ಮಾತನ್ನು ಬರಹ ಮಾಡುತ್ತದೆ. ಕೆಮ್ಮು, ನಿಟ್ಟುಸಿರು, ಸುಮ್ಮನಿದ್ದ ಹೊತ್ತು ಎಲ್ಲವನ್ನೂ ಕಸದ ಹಾಗೆ ಗುಡಿಸಿ ಹಾಕುತ್ತದೆ. ಉಳಿದದ್ದಕ್ಕೆ ನಾವು ಬಣ್ಣ ಹಚ್ಚಬೇಕು: ವಸ್ತುವಿಗೆ ಹಳದಿ, ಗುಣಕ್ಕೆ ಕಿತ್ತಳೆ, "ಹೀಗಿದ್ದರೆ ಹೀಗೆ ಮಾಡು" ಅನ್ನುವ ನಿಯಮಕ್ಕೆ ನೀಲಿ. ಎಲ್ಲ ಆದ ಮೇಲೆ ಪಾಠ ಒಪ್ಪಿಸುವುದು ಅಂತ ಒಂದಿದೆ. ನಾವು ಬರೆದುಕೊಂಡ ನಿಯಮವನ್ನು ಆ ತಜ್ಞರಿಗೇ ಓದಿ ಹೇಳಬೇಕು, ಅವರು ಹೌದು ಅಥವಾ ಇಲ್ಲ ಅನ್ನಬೇಕು. ಹೌದು ಅಂದರೆ ನೀಲಿ ಹಸಿರಾಗುತ್ತದೆ. ಪರದೆಯ ಮೂಲೆಯಲ್ಲಿ ಒಂದು ಚಕ್ರ ಇದ್ದು, ಹಸಿರಾದಷ್ಟೂ ತುಂಬುತ್ತ ನೂರಕ್ಕೆ ಬಂದು ನಿಲ್ಲುತ್ತದೆ.

ಮೂರು ಚೀಟಿ ಇಟ್ಟು, ಇದರಲ್ಲಿ ಯಾವೆರಡು ಒಂದೇ ಥರ, ಮೂರನೆಯದು ಯಾಕೆ ಬೇರೆ ಅಂತ ಕೇಳುವ ಆಟವೂ ಟೂಲಿನಲ್ಲಿದೆ. ಕೇಳಿದರೆ ತಜ್ಞರ ಬಾಯಿಂದ ಅವರಿಗೇ ಗೊತ್ತಿಲ್ಲದ ಸಂಗತಿ ಹೊರಬೀಳುತ್ತದೆ. ಒಂದು ಭಾನುವಾರ ಹೊತ್ತು ಹೋಗದೆ ನನಗೆ ನಾನೇ ಆಡಿದೆ. ನಾನು, ಫ್ರಿಜ್ಜು, ಬಾಲ್ಕನಿಯ ತುಳಸಿ ಕುಂಡ. ನಾನು ಮತ್ತು ಫ್ರಿಜ್ಜು ಒಂದೇ ಥರ, ಒಳಗೆ ದೀಪ ಹತ್ತಬೇಕಾದರೆ ಯಾರಾದರೂ ಬಾಗಿಲು ತೆರೆಯಬೇಕು. ಬರೆದು ನೋಡಿ, ಛೆ, ಇದೇನು ಶೋಕಿ ಅಂತ ಬೈದುಕೊಂಡು ಅಳಿಸಿಹಾಕಿದೆ.

ಪೀಣ್ಯದ ಕೆಲಸ ಬಂದದ್ದು ಕಳೆದ ಬೇಸಿಗೆಯಲ್ಲಿ. ಗೇರು, ರಿಂಗುಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆ. ಅಲ್ಲಿಯ ಫೋರ್‌ಮನ್ ಮೂವತ್ತಮೂರು ವರ್ಷದಿಂದ ಅದೇ ಕುಲುಮೆಯ ಮುಂದೆ ನಿಂತವರು. ಗದಗದ ಕಡೆಯವರು, ಬಾಗಲಗುಂಟೆಯಲ್ಲಿ ಮನೆ. ಅರವತ್ತು ದಾಟಿತ್ತು. ಮೊದಲ ದಿನವೇ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ನಿಮ್ಮ ಟೂಲ್ ಫುಲ್ ಆದ ದಿನ ಇವರನ್ನ ರಿಲೀವ್ ಮಾಡ್ತೀವಿ, ಬೇಗ ಮುಗಿಸ್ಕೊಡಿ" ಅಂದರು. ಕೆಲಸದಿಂದ ಕಳಿಸುವುದಕ್ಕೆ ಎಂಥ ನಯವಾದ ಮಾತು ಅಂತ ನನಗೆ ಸಿಟ್ಟು ಬಂತು. ಚಕ್ರ ನೂರಕ್ಕೆ ಬಂದ ದಿನ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬೀಳುತ್ತದೆ, ಹಾಕುವವಳು ನಾನು. ಅಂದಿನಿಂದ ಆ ಚಕ್ರವನ್ನು ನೋಡುವಾಗಲೆಲ್ಲ ನನಗೆ ಅದೇ ಕಾಣುತ್ತಿತ್ತು.

ಮಂಗಳವಾರ, ಗುರುವಾರ ಹೋಗುತ್ತಿದ್ದೆ. ಊರಿನ ಈ ತುದಿಯಿಂದ ಆ ತುದಿಗೆ, ಹಳದಿ ಲೈನಿನಿಂದ ಹಸಿರು ಲೈನಿಗೆ ಹತ್ತಿ ಇಳಿದು ಒಂದೂವರೆ ಗಂಟೆ. ಫೋರ್‌ಮನ್ ನನಗಾಗಿ ಕುಲುಮೆಯಿಂದ ಹತ್ತಡಿ ದೂರದಲ್ಲಿ ಒಂದು ಸ್ಟೂಲು ಒರೆಸಿ ಇಡುತ್ತಿದ್ದರು. ಕುಲುಮೆಯ ಬಾಗಿಲಿಗೆ ಅರಿಶಿನ ಕುಂಕುಮ, ಶುಕ್ರವಾರದ ಹೂವು ಒಣಗಿಕೊಂಡು ಅಲ್ಲೇ ಇರುತ್ತಿತ್ತು. ಅಲ್ಲಿ ಕೂತು ನಾನು ನಿಯಮ ಓದುತ್ತಿದ್ದೆ. "ಅದ್ದುವ ಎಣ್ಣೆ ಯಾವಾಗಲೂ ಇಷ್ಟೇ ಬಿಸಿ ಇರಬೇಕು, ಸರೀನಾ ಸಾರ್?"

"ಹೌದ್ರಿ ಮೇಡಂ, ಕರೆಕ್ಟ್ ಐತ್ರಿ."

ಎಲ್ಲದಕ್ಕೂ ಹೌದು. ಹೌದು ಅಂದು, ಆಗೀಗ ಎದ್ದು, "ಬರ್ರಿ ಮೇಡಂ, ಚಾ ಕುಡದು ಬರೋಣು" ಅನ್ನುತ್ತಿದ್ದರು. ನನಗೆ ಬರೆಯುವುದಿತ್ತು, ಟೀ ಅಂದರೆ ಅಷ್ಟಕ್ಕಷ್ಟೆ, ಬೇಡ ಸಾರ್ ನೀವು ಹೋಗಿಬನ್ನಿ ಅನ್ನುತ್ತಿದ್ದೆ. ಅವರು ಒಂದು ಗಳಿಗೆ ನಿಂತು ನೋಡಿ, ಮತ್ತೆ ಕೂರುತ್ತಿದ್ದರು. ಚಕ್ರ ಸರಸರ ತುಂಬುತ್ತ ಹೋಯಿತು. ಇಷ್ಟು ಸಲೀಸಾಗಿ ಒಪ್ಪುವ ತಜ್ಞರು ಸಿಕ್ಕಿದ್ದೇ ಇಲ್ಲ ಅಂತ ಆಫೀಸಿನಲ್ಲಿ ಜಂಬ ಕೊಚ್ಚಿಕೊಂಡೆ.

ಒಂದು ದಿನ ಪರೀಕ್ಷೆಗೆಂದು, ಫೋರ್‌ಮನ್ ಇಲ್ಲದ ಪಾಳಿಯಲ್ಲಿ ನಮ್ಮ ಟೂಲನ್ನೇ ನೋಡಿಕೊಂಡು ಒಂದು ಲಾಟು ತೆಳುವಾದ ರಿಂಗುಗಳನ್ನು ಅದ್ದಿದರು. ಅಷ್ಟೂ ಸೊಟ್ಟಗಾದವು. ಮರುದಿನ ನಾನು ಹೋದಾಗ ಆ ರಿಂಗುಗಳು ಮೂಲೆಯಲ್ಲಿ ಹಪ್ಪಳದ ಹಾಗೆ ಬಿದ್ದಿದ್ದವು. ಮ್ಯಾನೇಜರ್ ಕೂಗಾಡುತ್ತಿದ್ದರು. ಫೋರ್‌ಮನ್, ನಾನೇ ಸರಿಯಾಗಿ ಹೇಳಿಕೊಟ್ಟಿರಲಿಲ್ಲ ಸಾರ್ ಅಂತ ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಬರ್ರಿ ಮೇಡಂ, ಚಾ ಕುಡದು ಬರೋಣು" ಅಂದರು. ಆವತ್ತು ಬೇಡ ಅನ್ನುವ ಧೈರ್ಯ ನನಗಿರಲಿಲ್ಲ.

ಗೇಟಿನಾಚೆ ಒಂದು ತಳ್ಳುಗಾಡಿ, ಒಬ್ಬಾಕೆ ಟೀ ಮಾರುತ್ತಿದ್ದಳು. ಲೋಟ ಕೈಗೆ ಬಂದ ಮೇಲೆ ಫೋರ್‌ಮನ್ ಮೆಲ್ಲಗೆ ಹೇಳಿದರು. "ತೆಳ್ಳನ ಪೀಸಿಗೆ ಎಣ್ಣಿ ಇನ್ನಷ್ಟು ಬಿಸಿ ಇರಬೇಕ್ರಿ. ಒಮ್ಮೆಲೆ ತಂಪಾತಂದ್ರ ಸೊಟ್ಟ ಆಗತಾವು."

"ಇದನ್ನ ಒಳಗಡೆ ಯಾಕೆ ಹೇಳ್ಲಿಲ್ಲ ಸಾರ್? ನಾನು ಓದ್ದಾಗ ಕರೆಕ್ಟ್ ಅಂದ್ರಲ್ಲ!"

"ಬೆಂಕಿ ಮುಂದ ಯಾರಿಗೂ ತಪ್ಪು ಅನ್ನಂಗಿಲ್ರಿ. ನನಗ ಕೆಲಸ ಕಲಿಸಿದವರು ಹಾಕಿಕೊಟ್ಟ ಪದ್ಧತಿ. ಬೈಸಿಕೊಂಡ ಕೈ ನಡಗತೈತಿ. ನಡಗೋ ಕೈಯಾಗ ಕೆಂಪನ್ನ ಕಬ್ಬಿಣ ಕೊಡಬಾರದು. ತಪ್ಪು ಹೇಳೂದಿದ್ರ ಹೊರಗ ಕರಕೊಂಡ ಬಂದು, ಒಂದು ಚಾ ಕುಡಿಸಿ ಹೇಳೂದು."

"ನಾನು ಹಿಡಿಯೋದು ಪೆನ್ನು ಸಾರ್, ಕಬ್ಬಿಣ ಅಲ್ಲ."

"ಪೆನ್ನು ಹಿಡಿಯೋದೂ ಕೈನ ಅಲ್ಲೇನ್ರಿ" ಅಂದು ನಕ್ಕರು.

ನಾನು ಲೆಕ್ಕ ಹಾಕಿದೆ. ಅವರು ಟೀಗೆ ಕರೆದದ್ದು ಎಷ್ಟು ಸಲ, ನಾನು ಬೇಡ ಅಂದದ್ದು ಎಷ್ಟು ಸಲ! ಅಷ್ಟೂ ತಪ್ಪುಗಳು ಟೂಲಿನಲ್ಲಿ ಹಸಿರು ಬಟ್ಟೆ ಉಟ್ಟು ಕೂತಿದ್ದವು. ಅವರು ಮಾತ್ರ ಆ ವಿಷಯ ಅಲ್ಲಿಗೇ ಬಿಟ್ಟು, ಒಬ್ಬರೇ ಇರ್ತೀರಂತಲ್ರಿ, ಊಟಕ್ಕೆ ಏನು ಮಾಡ್ತೀರಿ ಅಂತ ಕೇಳಿದರು. ಬಿಸ್ಕತ್ತು ಅಂದೆ. ಮುಂದಿನ ಗುರುವಾರದಿಂದ ನನಗೊಂದು ಸ್ಟೀಲ್ ಡಬ್ಬಿ ಬರತೊಡಗಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. "ನಮ್ಮ ಮನಿಯಾಕಿ ಕೊಟ್ಟಾಳ್ರಿ" ಅನ್ನುತ್ತಿದ್ದರು. ನಾನು ಡಬ್ಬಿಯನ್ನು ಮನೆಗೊಯ್ದು, ತೊಳೆದು, ಮುಂದಿನ ಸಲ ವಾಪಸ್ ಕೊಡುತ್ತಿದ್ದೆ.

ಹಸಿರನ್ನೆಲ್ಲ ಮತ್ತೆ ನೀಲಿ ಮಾಡಿ, ಟೂಲನ್ನು ಮೊದಲಿನಿಂದ ತಿದ್ದತೊಡಗಿದೆ. ಒಳಗೆ ಓದುವುದು, ಟೀಗೆ ಕರೆದರೆ ಅದನ್ನೇ ಇಲ್ಲ ಅಂತ ಒತ್ತಿ ಹೋಗುವುದು, ಬಂದು ತಿದ್ದುವುದು. ರೆಕಾರ್ಡರನ್ನು ಗಾಡಿಯ ಹತ್ತಿರ ಒಯ್ದರೆ ಅವರು ಮಾತೇ ಆಡುತ್ತಿರಲಿಲ್ಲ, ಹಾಗಾಗಿ ನೆನಪಿನಲ್ಲಿಟ್ಟುಕೊಂಡು ಬಂದು ಬರೆಯುತ್ತಿದ್ದೆ. ಅಲ್ಲಿ ತಿದ್ದುಪಡಿಯ ಜೊತೆ ಬೇರೆ ಮಾತೂ ಬರುತ್ತಿದ್ದವು. ಕೈ ಮೇಲಿನ ಸುಟ್ಟ ಕಲೆಗಳ ಕತೆ, ಧಾರವಾಡಕ್ಕೆ ಮದುವೆಯಾಗಿ ಹೋದ ಮಗಳ ಸುದ್ದಿ, ಪೀಣ್ಯದಲ್ಲಿ ಮೊದಲು ಕೆರೆ ಎಲ್ಲಿತ್ತು ಅನ್ನುವುದು. ನನ್ನ ಮಾತೂ ಕೇಳುತ್ತಿದ್ದರು. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಉತ್ತರ ಕೊಡುತ್ತಿದ್ದರು. ಯಾರಾದರೂ ನನ್ನ ಮಾತಿಗೆ ಯೋಚಿಸಿ ಉತ್ತರ ಕೊಟ್ಟು ಯಾವ ಕಾಲವಾಗಿತ್ತೋ.

ಮಂಗಳವಾರಕ್ಕೆ ಸೀರೆ ಇಸ್ತ್ರಿ ಮಾಡತೊಡಗಿದೆ. ಬುಧವಾರ ಇಡೀ ದಿನ ಗುರುವಾರಕ್ಕೆ ಕಾಯುತ್ತಿದ್ದೆ. ಇದರಲ್ಲಿ ಬೇರೆ ಅರ್ಥ ಹುಡುಕುವವರು ಹುಡುಕಲಿ. ನನಗೆ ಬೇಕಾಗಿದ್ದದ್ದು ಹದಿನೈದು ನಿಮಿಷ, ಒಂದು ಲೋಟ ಟೀ, ಎದುರಿಗೊಬ್ಬ ಮನುಷ್ಯ, ಅಷ್ಟೆ. ಚಕ್ರ ಮತ್ತೆ ತುಂಬುತ್ತ ಎಂಬತ್ತೆಂಟಕ್ಕೆ ಬಂತು. ತಪ್ಪುಗಳು ಕಡಿಮೆಯಾಗಿದ್ದವು. ಒಂದು ಗುರುವಾರ ನಾನು ಓದಿದ್ದೆಲ್ಲ ಸರಿಯಿದ್ದು, ಅವರು ಟೀಗೆ ಕರೆಯಲೇ ಇಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಬೇಕಂತಲೇ ತಪ್ಪು ಬರೆದುಕೊಂಡು ಹೋಗತೊಡಗಿದೆ. ಮನೆಯಲ್ಲಿ ಕೂತು ಒಂದೊಂದು ನಿಯಮವನ್ನು ಕೆಡಿಸುತ್ತಿದ್ದೆ. ಹೊತ್ತು ಹೆಚ್ಚು ಕಡಿಮೆ ಮಾಡುವುದು, ಮೊದಲು ಮಾಡುವುದನ್ನು ಆಮೇಲೆ ಅನ್ನುವುದು. ಅವರಿಗೆ ತಪ್ಪು ಅಂತ ಹೊಳೆಯಬೇಕು, ಆದರೆ ನಾನು ಪೆದ್ದಿ ಅಂತಲೂ ಅನ್ನಿಸಬಾರದು, ಅಷ್ಟು ನಾಜೂಕಾಗಿ. ಹತ್ತೊಂಬತ್ತು ವರ್ಷದ ನನ್ನ ಕಸುಬಿನ ಜಾಣತನವೆಲ್ಲ ಇದಕ್ಕೆ ಬಂತು. ನಾನು ಓದುತ್ತಿದ್ದೆ, ಅವರು "ಕರೆಕ್ಟ್ ಐತ್ರಿ" ಅನ್ನುತ್ತಿದ್ದರು, ಕೈ ಒರೆಸಿಕೊಂಡು ಏಳುತ್ತಿದ್ದರು, "ಬರ್ರಿ ಮೇಡಂ" ಅನ್ನುತ್ತಿದ್ದರು. ಚಕ್ರ ಎಂಬತ್ತೆಂಟರಿಂದ ಅಲುಗಲಿಲ್ಲ. ಆಫೀಸಿನಲ್ಲಿ ಕೇಳಿದರೆ, ಕಷ್ಟದ ವಿಷಯ, ಅವಸರ ಮಾಡಿದರೆ ಮತ್ತೆ ರಿಂಗುಗಳ ಕತೆಯಾಗುತ್ತದೆ ಅಂತ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಮನಸ್ಸಿಗೂ ಒಂದು ಸಮಾಧಾನ ಹೇಳಿಕೊಂಡಿದ್ದೆ: ಚಕ್ರ ನಿಂತಷ್ಟು ದಿನ ಅವರ ಕೆಲಸ ಉಳಿಯುತ್ತದೆ, ಇದು ಪುಣ್ಯದ ಕೆಲಸ. ಹೀಗೆ ಹನ್ನೊಂದು ವಾರ.

ಹನ್ನೊಂದನೇ ವಾರದ ಗುರುವಾರ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ನೀಟಾಗಿ ಸೆರಗು ಹೊದ್ದು, ಕೈಯಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಸ್ಟೀಲ್ ಡಬ್ಬಿ.

"ನೀವ ಏನ್ರಿ ಕಂಪ್ಯೂಟರ್ ಮೇಡಂ? ಇವರು ಇವತ್ತು ಡಬ್ಬಿ ಮರತು ಬಂದಾರ. ನೀವು ಉಪವಾಸ ಬೀಳತೀರಿ ಅಂತ ತಂದೆ. ರೊಟ್ಟಿ ಮೆತ್ತಗಿರತಾವಿಲ್ರಿ?"

ಫೋರ್‌ಮನ್ನರ ಹೆಂಡತಿ. ತುಂಬ ಚೆನ್ನಾಗಿರುತ್ತವೆ ಅಮ್ಮಾ ಅಂದೆ. ಡಬ್ಬಿ ಕೊಟ್ಟ ಮೇಲೂ ಅವರು ಹೋಗಲಿಲ್ಲ. ಏನೋ ಕೇಳಬೇಕು, ಹೇಗೆ ಕೇಳುವುದು ಅನ್ನುವ ಹಾಗೆ ಸೆರಗಿನ ತುದಿ ಹಿಡಿದುಕೊಂಡು ನಿಂತರು.

"ಇವತ್ತ ಎಷ್ಟಾಗತೈತ್ರಿ ಅದು? ಇನ್ನೂ ಎಂಬತ್ತೆಂಟನ?"

"ನಿಮಗೆ ಹೇಗೆ ಗೊತ್ತು ಅಮ್ಮಾ?"

"ದಿನಾ ಸಂಜಿಗೆ ಕೇಳತೀನಲ್ರಿ. ಎಂಬತ್ತೆಂಟು ಅಂತಾರ, ಉಂಡು ಮಲಗತಾರ. ಕೆಲಸ ಬಿಡತೀನಂತ ಇವರು ಯುಗಾದಿ ಮುಂದನ ಬರದು ಕೊಟ್ಟಾರ್ರಿ. ಮಾಲಕರು, ಆ ಚಕ್ರ ತುಂಬೂತನಕ ಬಿಡಂಗಿಲ್ಲ ಅಂದ್ರಂತ. ಮೂವತ್ತು ವರ್ಷ ಇವರದು ರಾತ್ರಿ ಪಾಳಿ, ನಂದು ಹಗಲು ಗಾರ್ಮೆಂಟ್ಸು. ನಾ ಬರೂದ್ರಾಗ ಇವರು ಹೊಂಟಿರತಿದ್ರು. ಇಬ್ಬರೂ ಕೂಡೇ ಬಿಟ್ಟು ಮನ್ಯಾಗ ಇರೋಣು ಅಂತ ಮಾತಾಗಿತ್ರಿ. ನಾ ಬಿಟ್ಟೆ. ಇವರನ್ನ ನಿಮ್ಮ ಕೆಲಸದ ಸಲುವಾಗಿ ಹಗಲು ಪಾಳಿಗೆ ಹಾಕಿದ್ರು." ಸ್ವಲ್ಪ ನಕ್ಕು, ಮತ್ತೆ ಹೇಳಿದರು. "ಗಾರ್ಮೆಂಟ್ಸಿನ್ಯಾಗ ಸುತ್ತ ನೂರು ಮಂದಿ ಇರತಿದ್ರು. ಒಬ್ಬಾಕಿನ ಕುಂತು ರೂಢಿ ಇಲ್ರಿ ನನಗ. ಗ್ವಾಡಿ ನೋಡಕೋತ ಕುಂದರತೀನಿ. ಮಂಗಳವಾರ, ಗುರುವಾರ ಬಂದ್ರ ನಿಮಗೂ ರೊಟ್ಟಿ ಬಡೀಬೇಕಲ್ಲ ಅಂತ ಅಷ್ಟು ಹೊತ್ತು ಹೋಗತೈತಿ. ನೀವೇನು ಅವಸರ ಮಾಡಬ್ಯಾಡ್ರಿ. ಸುಮ್ನ ಕೇಳಿದೆ."

ಅವರು ರಸ್ತೆ ದಾಟಿ ಹೋಗುವುದನ್ನು ನೋಡುತ್ತ ನಿಂತೆ. ಗೋಡೆ ನೋಡಿಕೊಂಡು ಕೂರುವುದು ಅಂದರೆ ಏನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಮನೆಯಲ್ಲಿದ್ದದ್ದನ್ನು ಹೊತ್ತುಕೊಂಡು ಹೋಗಿ ಇನ್ನೊಬ್ಬ ಹೆಂಗಸಿನ ಮನೆಯಲ್ಲಿ ಇಳಿಸಿ ಬಂದಿದ್ದೆ. ಅವರು ಅದರ ಪಕ್ಕ ಕೂತು ನನಗೆ ರೊಟ್ಟಿ ಬಡಿದು ಕಳಿಸಿದ್ದರು. ಅಷ್ಟು ಅಸಹ್ಯ ನನ್ನ ಮೇಲೆ ನನಗೆ ಎಂದೂ ಆಗಿರಲಿಲ್ಲ.

ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಉಳಿದಿದ್ದ ನಿಯಮಗಳ ಸರಿಯಾದ ರೂಪ ನನ್ನ ನೋಟ್‌ಬುಕ್ಕಿನಲ್ಲಿ ಎಂದೋ ಇತ್ತು. ಒಂದೊಂದಾಗಿ ಓದಿದೆ. ಫೋರ್‌ಮನ್ "ಹೌದ್ರಿ" ಅನ್ನುತ್ತ ಹೋದರು. ಒಂದಕ್ಕೂ ಏಳಲಿಲ್ಲ. ತೊಂಬತ್ತು, ತೊಂಬತ್ತೈದು, ತೊಂಬತ್ತೊಂಬತ್ತು. ಸಂಜೆ ಐದರ ಒಳಗೆ ಚಕ್ರ ತುಂಬಿತು. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಅವರು ಕನ್ನಡಕ ಏರಿಸಿ ಆ ನೂರನ್ನು ನೋಡಿದರು, ಒಂದು ಕ್ಷಣ ಮುಖ ಅರಳಿತು, ನನ್ನ ಮುಂದೆ ಖುಷಿ ತೋರಿಸಬಾರದು ಅಂತಲೋ ಏನೋ ಬೇಗ ಅಡಗಿಸಿಕೊಂಡರು.

ಅಲ್ಲಿಗೆ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರಲು ಆಗಲಿಲ್ಲ. ರೆಕಾರ್ಡರ್ ಓಡುತ್ತಿದ್ದದ್ದೂ ನೆನಪಿರಲಿಲ್ಲ. "ಸಾರ್, ಇದು ಯುಗಾದಿ ಆದ ಎರಡೇ ತಿಂಗಳಿಗೆ ಮುಗೀಬೇಕಿತ್ತು. ನಾನು ಬೇಕಂತಲೇ ತಪ್ಪು ಓದ್ತಿದ್ದೆ. ನೀವು ಟೀಗೆ ಕರೀಲಿ ಅಂತ. ನಿಮ್ಮ ಕೆಲಸ ಉಳಿಸ್ತಿದೀನಿ ಅಂದ್ಕೊಂಡಿದ್ದೆ. ಅದೂ ಸುಳ್ಳೇ. ನನಗೆ ಮಾತಾಡೋಕೆ ಯಾರೂ ಇರ್ಲಿಲ್ಲ."

ಅವರು ನನ್ನನ್ನು ನೋಡಿದರು. ಕುಲುಮೆಯನ್ನು ನೋಡಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಎದ್ದರು.

"ಬರ್ರಿ ಮೇಡಂ, ಚಾ ಕುಡದು ಬರೋಣು."

ಗೇಟಿನ ತನಕ ಅವರ ಹಿಂದೆ ನಡೆದೆ. ಲೋಟ ಕೈಗೆ ಬಂದ ಮೇಲೆ ಅವರು ಹೇಳಿದರು.

"ಅನುಮಾನ ಬಂದಿತ್ರಿ ನನಗ. ಹೇಳಿದ್ದನ್ನ ಮತ್ತ ಮತ್ತ ತಪ್ಪು ಓದತಾರಲ್ಲ ಅಂತ. ಓದಿದವರು ಹಂಗ ಮಾಡಂಗಿಲ್ಲ ಅಂತ ಸುಮ್ಮನಾದೆ." ಟೀ ಆರಿಸಿಕೊಂಡರು. "ನೀವು ಹಂಗ ಮಾಡಬಾರದಿತ್ರಿ ಮೇಡಂ. ಆಕಿ ದಿನಾ ಕಾಯ್ತಿದ್ಲು." ಒಂದು ಗುಟುಕು ಕುಡಿದು ಮತ್ತೆ ಹೇಳಿದರು. "ಮನಿಗೆ ಬರತೀನಿ ಅಂದಿದ್ರ ಮುಗೀತಿತ್ತಲ್ರಿ. ಇಲ್ಲೇ ಬಾಗಲಗುಂಟಿ. ಅಷ್ಟ ಹೇಳಿದ್ರ ಸಾಕಿತ್ತು."

ಬೇರೆ ತಪ್ಪುಗಳ ಹಾಗೆಯೇ ಅದನ್ನೂ ಒಂದೇ ಸಲ ಹೇಳಿ ಬಿಟ್ಟುಬಿಟ್ಟರು. ಲೋಟ ಗಾಡಿಯ ಮೇಲಿಟ್ಟು ಒಳಗೆ ಹೋದರು. ಅದೇ ತಿಂಗಳ ಕೊನೆಗೆ ಅವರನ್ನು ಕಳಿಸಿಕೊಟ್ಟರಂತೆ. ಹಾರ ಹಾಕಿದ ಫೋಟೋ ಒಂದನ್ನು ಮ್ಯಾನೇಜರ್ ನನಗೆ ಕಳಿಸಿದ್ದರು, ಪಕ್ಕದಲ್ಲಿ ಅವರ ಹೆಂಡತಿ ಇದ್ದರು.

ಆವತ್ತು ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ, ಟೂಲು ನನ್ನ ತಪ್ಪೊಪ್ಪಿಗೆಯನ್ನೂ ಅಚ್ಚುಕಟ್ಟಾಗಿ ಬರೆದಿಟ್ಟಿತ್ತು. ಅವರು ಬಹಳ ಹೊತ್ತು ಸುಮ್ಮನಿದ್ದದ್ದನ್ನು ಗುಡಿಸಿ ಹಾಕಿತ್ತು. ನನ್ನ ಮಾತಿನ ಕೆಳಗೆ ನೇರವಾಗಿ ಟೀಗೆ ಕರೆದ ಮಾತು ಬಂದಿತ್ತು, ಪಕ್ಕದಲ್ಲಿ ಎಂದಿನ ಪ್ರಶ್ನೆ: ತಜ್ಞರು ಒಪ್ಪಿದರೇ? ಇಲ್ಲ ಅಂತ ಒತ್ತಿದೆ. ಆ ಭಾಗವನ್ನು ಆಮೇಲೆ ಅಳಿಸಿದೆ.

ಇದೆಲ್ಲ ಆಗಿ ನಾಲ್ಕು ತಿಂಗಳಾಯಿತು. ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ, ತೊಳೆದು ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ. ಇಷ್ಟು ದಿನವಾದ ಮೇಲೆ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದಲ್ಲ, ಏನು ಮಾಡಿ ತುಂಬಿಸುವುದು ಅಂತ ಯೋಚಿಸುತ್ತಿದ್ದೇನೆ. ಒಂದು ಭಾನುವಾರ ಮಳೆ ಅಂತ ನನಗೆ ನಾನೇ ಹೇಳಿಕೊಂಡೆ, ಇನ್ನೊಂದು ಭಾನುವಾರ ತಲೆನೋವು ಅಂದೆ. ಹೋದ ವಾರ, ಮಗಳು ಬಂದಿರಬಹುದು, ಅವರವರೇ ಇರಲಿ ಅಂದುಕೊಂಡೆ. ಬರತೀನಿ ಅಂತ ಫೋನಿನಲ್ಲಿ ಒಂದು ಮಾತು ಹೇಳಿದರೆ ಸಾಕು. ಹನ್ನೊಂದು ವಾರ ಒಂದು ಚಕ್ರವನ್ನು ನಿಲ್ಲಿಸಿ ಇಟ್ಟವಳಿಗೆ ನೆಪ ಹುಡುಕುವುದನ್ನು ಯಾರೂ ಕಲಿಸಬೇಕಾಗಿಲ್ಲ.